ಹನ್ನೊಂದರ ತನಕ ಎಣಿಸಿದ್ದು

ನಾನು ಬಾಯಿಬಡುಕ. ಬೇರೆಯವರು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಅಷ್ಟು ವರ್ಷ ಕನ್ನಡ ಕಲಿಸಿದ್ದು ಬಾಯಿಯಿಂದ. ಊರಿನಲ್ಲಿ ನಾಲ್ಕು ಜನ ಎದ್ದು ನಮಸ್ಕಾರ ಮಾಡುವಷ್ಟು ಹೆಸರು ಬಂದದ್ದೂ ಬಾಯಿಯಿಂದ. ನಾನು ಮಾಡಿದ ಅತಿ ದೊಡ್ಡ ತಪ್ಪು ಕೂಡ ಅದರಿಂದಲೇ ಆಯಿತು. ಮೊದಲಿನ ಎರಡಕ್ಕೆ ಸಾಕಷ್ಟು ಶಾಲು ಹೊದೆಸಿಕೊಂಡಿದ್ದೇನೆ. ಮೂರನೆಯದನ್ನು ಯಾರೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ.

ನಮ್ಮದು ಕುಂಬಳೆಯಿಂದ ಒಳಗೆ, ಪುತ್ತಿಗೆಯ ಕಡೆ. ಎಂಬತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿನ ಶಾಲೆಗೆ ಸೇರಿದಾಗ ಭಜನಾಮಂದಿರದಲ್ಲಿ ಪ್ರತಿ ಆದಿತ್ಯವಾರ ಮಧ್ಯಾಹ್ನದ ಊಟ ಆದ ಮೇಲೆ ತಾಳಮದ್ದಳೆ ಕೂಟ ನಡೆಯುತ್ತಿತ್ತು. ನೋಡದವರಿಗೆ ಎರಡು ಮಾತು ಹೇಳಬೇಕು. ಯಕ್ಷಗಾನದ್ದೇ ಕತೆ, ಅದೇ ಪದ್ಯ. ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ನಡುವೆ ಕುಳಿತು ಪದ್ಯ ಹಾಡುತ್ತಾರೆ. ಎರಡು ಬದಿ ಕುಳಿತ ಅರ್ಥಧಾರಿಗಳು ಉಟ್ಟ ಪಂಚೆಯಲ್ಲೇ ರಾಜನೋ ದೂತನೋ ಆಗಿ, ಆ ಪದ್ಯದ ಅರ್ಥವನ್ನು ತಮ್ಮ ಮಾತಿನಲ್ಲಿ ಬೆಳೆಸಿಕೊಂಡು ಹೋಗುತ್ತಾರೆ. ಬರೆದಿಟ್ಟ ಮಾತು ಒಂದೂ ಇರುವುದಿಲ್ಲ. ಎದುರಿನವ ಎಂತ ಕೇಳುತ್ತಾನೆ ಎಂದು ಅವನು ಬಾಯಿ ತೆರೆಯುವ ತನಕ ಗೊತ್ತಿರುವುದಿಲ್ಲ.

ಈ ಕಲೆಯಲ್ಲಿ ಒಂದು ಮರ್ಯಾದೆ ಇದೆ. ಎದುರಿನವನಿಗೆ ಮಾತು ತಪ್ಪಿದರೆ, ಅವನು ನಡುವೆ ಸಿಕ್ಕಿಬಿದ್ದರೆ, ನಾವು ಅವನ ಮಾನ ಕಾಯಬೇಕು. "ಹಾಗಾದರೆ ನೀನು ಹೇಳುವುದು ಇದೇ ಅಲ್ಲವೇ" ಎಂದು ಅವನ ಬಾಯಿಗೆ ಬಾರದ ಮಾತನ್ನು ನಮ್ಮ ಬಾಯಿಂದ ಹೊರಡಿಸಿ ಕತೆಯನ್ನು ಮುಂದೆ ದಾಟಿಸಬೇಕು. ಇದಕ್ಕೆ ನಾವು ಎತ್ತಿಕೊಡುವುದು ಎನ್ನುತ್ತಿದ್ದೆವು. ಕೂಟದಲ್ಲಿ ಮೌನ ಬಿದ್ದರೆ ಅದು ಎಲ್ಲರಿಗೂ ಅವಮಾನ. ಎತ್ತಿಕೊಡುವುದರಲ್ಲಿ ನನ್ನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂದು ನೀವು ನಗಬಹುದು, ಆದರೆ ಮಧೂರಿನ ಕಡೆಯಿಂದಲೂ ನನ್ನನ್ನು ಕೂಟಕ್ಕೆ ಕರೆಯುತ್ತಿದ್ದರು.

ನನ್ನ ಎದುರು ಬದಿಯಲ್ಲಿ ಯಾವಾಗಲೂ ಕೂರುತ್ತಿದ್ದವರು ಆಧಾರ ಬರೆಯುವ ಅಣ್ಣ. ರಿಜಿಸ್ಟ್ರಾರ್ ಕಚೇರಿಯ ಹತ್ತಿರ ಒಂದು ಕೋಣೆಯಲ್ಲಿ ಕುಳಿತು ಜಾಗದ ಕ್ರಯಪತ್ರ, ಪಾಲುಪಟ್ಟಿ ಬರೆಯುತ್ತಿದ್ದರು, ನಮ್ಮ ಕಡೆ ಅವಕ್ಕೆ ಆಧಾರ ಎನ್ನುವುದು. ಮಲೆಯಾಳ ಓದಲು ಬಾರದ ನಮ್ಮ ಕನ್ನಡದವರಿಗೆ ಕಚೇರಿಯ ಕಾಗದ ಬಂದರೆ ಅವರೇ ಗತಿ. ನನಗಿಂತ ಆರು ವರ್ಷಕ್ಕೆ ದೊಡ್ಡವರು. ರಕ್ತಸಂಬಂಧ ಎಂತದೂ ಇಲ್ಲ. ನಾನು ಅಣ್ಣ ಎಂದು ಕರೆದೆ, ಅವರ ಹೆಂಡತಿಯನ್ನು ಅತ್ತಿಗೆ ಎಂದೆ, ಅಷ್ಟೇ. ಕೂಟದಲ್ಲಿ ನಾನು ಕಾಲು ಗಂಟೆ ಮಾತಾಡಿ ಶಾಲಿನಿಂದ ಬೆವರು ಒರೆಸಿಕೊಳ್ಳುವಾಗ ಅವರು ಮೆಲ್ಲನೆ ಒಂದೇ ಪ್ರಶ್ನೆ ಕೇಳುತ್ತಿದ್ದರು. ನನ್ನ ಕಾಲು ಗಂಟೆ ಅಲ್ಲಿಗೆ ಮಣ್ಣುಪಾಲು. ಜನ ನಗುತ್ತಿದ್ದರು, ನನಗೆ ಸಿಟ್ಟು ಬರುತ್ತಿತ್ತು. ಮನೆಗೆ ಹೋಗುವ ದಾರಿಯಲ್ಲಿ ಅವರು "ಮಾಷ್ಟ್ರೇ, ನಿಮ್ಮದು ಮಾತಲ್ಲ ಮಾರಾಯ್ರೆ, ಮಳೆ. ಕೊಡೆ ಬಿಡಿಸಿ ಕೂತ್ರೆ ಮುಗೀತು" ಎನ್ನುತ್ತಿದ್ದರು. ಅಷ್ಟರಲ್ಲಿ ನನ್ನ ಸಿಟ್ಟೂ ಇಳಿದಿರುತ್ತಿತ್ತು.

ತೊಂಬತ್ತರ ಆಚೀಚೆ ಒಂದು ಬೆಳಿಗ್ಗೆ ಅವರು ಕೋಣೆಯಲ್ಲಿ ಆಧಾರ ಬರೆಯುತ್ತಿದ್ದಾಗ ಕೈಯಿಂದ ಪೆನ್ನು ಬಿತ್ತು. ಹೆಕ್ಕಲು ಬಗ್ಗಿದವರು ಮತ್ತೆ ಏಳಲಿಲ್ಲ. ಜೀಪಿನಲ್ಲಿ ಮಂಗಳೂರಿಗೆ ಕೊಂಡುಹೋದರು. ಜೀವ ಉಳಿಯಿತು. ಬಲಗೈ ಬಲಗಾಲು ಸೋತವು. ಮಾತು ಪೂರ್ತಿ ಹೋಯಿತು, ಒಂದು ಪದ ಬಿಟ್ಟು. ಆ ಪದ "ಅದೇ". ನೀರು ಬೇಕಾದರೆ ಅದೇ, ಕಿಟಕಿ ಹಾಕಬೇಕಾದರೆ ಅದೇ, ಸಿಟ್ಟು ಬಂದರೆ ಅದೇ ಅದೇ ಅದೇ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಬುದ್ಧಿ ಮೊದಲಿನ ಹಾಗೇ ಚೂಪಾಗಿತ್ತು, ಕಣ್ಣಿನಲ್ಲೇ ಕಾಣುತ್ತಿತ್ತು. ಅದು ಹೊರಗೆ ಬರುವ ಬಾಗಿಲು ಮಾತ್ರ ಮುಚ್ಚಿತ್ತು.

ಮನೆಗೆ ಬಂದ ಮೇಲೆ ಊರಿಗೆ ಊರೇ ನೋಡಲು ಹೋಯಿತು. ಅವರು "ಅದೇ..." ಎಂದು ತೊಡಗಿದರೆ ಕೂತವರೆಲ್ಲ ಒಟ್ಟಿಗೆ ತುಂಬಿಸುತ್ತಿದ್ದರು. ಚಾಯವಾ? ಚಾದರವಾ? ಹಿತ್ತಿಲಿಗೆ ಹೋಗಬೇಕಾ? ಎಲ್ಲರಿಗಿಂತ ಜೋರು ನಾನೇ. ಐದಾರು ವರ್ಷ ಎದುರಿಗೆ ಕೂತು ಅರ್ಥ ಹೇಳಿದವನು, ಅವರ ಮನಸ್ಸು ನನಗಲ್ಲದೆ ಮತ್ತಾರಿಗೆ ಗೊತ್ತು ಎಂಬ ಹೆಮ್ಮೆ. ಅರ್ಧದಷ್ಟು ಸಲ ನನ್ನದು ಸರಿಯಾಗುತ್ತಿತ್ತು. ಸರಿಯಾಗದಾಗ ಅವರು ಸೋತು ತಲೆಯಾಡಿಸುತ್ತಿದ್ದರು, ನಾನು ಅದನ್ನೂ ಸರಿಗೆ ಸೇರಿಸಿಕೊಳ್ಳುತ್ತಿದ್ದೆ. ಅತ್ತಿಗೆ, ಪಾಪ, "ಮಾಷ್ಟ್ರೇ, ಇವರಿಗೆ ಎಂತ ಬೇಕೂಂತ ನಂಗೆ ತಿಳಿಯುದಿಲ್ಲ. ನೀವೊಮ್ಮೆ ಕೇಳಿ" ಎಂದು ನನ್ನನ್ನು ಕರೆಸುತ್ತಿದ್ದರು. ನಾನು ಸಂತೋಷದಿಂದ ಹೋಗುತ್ತಿದ್ದೆ.

ಒಂದು ಸಂಜೆ ನಮ್ಮ ಭಾಗವತರೂ ನಾನೂ ಅವರ ಜಗಲಿಯಲ್ಲಿ ಕುಳಿತಿದ್ದೆವು. ಭಾಗವತರು ಮಾತು ಕಡಿಮೆ ಇರುವ ಮನುಷ್ಯ, ಹೆಂಡತಿ ತೀರಿಕೊಂಡ ಮೇಲೆ ಇನ್ನೂ ಕಡಿಮೆ. ನನ್ನ ಹರಟೆ ಕೇಳಿ ಬೇಜಾರಾಯಿತೋ ಏನೋ, ತಮ್ಮಷ್ಟಕ್ಕೆ ಒಂದು ಪದ್ಯ ಗುನುಗಿದರು. ಎರಡನೆಯ ಸಾಲಿಗೆ ಬರುವಾಗ ಮತ್ತೊಂದು ಸ್ವರ ಸೇರಿತು. ನೋಡಿದರೆ ಅಣ್ಣ. ಬಾಯಿ ಒಂದು ಬದಿಗೆ ಸೊಟ್ಟಗಾಗಿದೆ, ಆದರೆ ಪದಗಳು ಒಂದೊಂದೂ ಸ್ಪಷ್ಟ. ಪದ್ಯ ಮುಗಿಯುವ ತನಕ ಹಾಡಿದರು. ಮುಗಿದ ಕೂಡಲೇ ಭಾಗವತರ ಕೈ ಹಿಡಿದು ಏನೋ ಹೇಳಲು ಹೋದರು. "ಅದೇ" ಎಂದರು.

ಒಳಗಿನಿಂದ ಓಡಿ ಬಂದ ಅತ್ತಿಗೆ ಕಂಬ ಹಿಡಿದುಕೊಂಡು ಅತ್ತರು. ಮಧೂರಿನ ದೇವರಿಗೆ ಅಪ್ಪದ ಸೇವೆ ಮಾಡಿಸುತ್ತೇನೆ ಎಂದು ಅಲ್ಲೇ ಹರಕೆ ಹೇಳಿಕೊಂಡರು. ನಾನು ಮರುದಿನ ಶಾಲೆಯಲ್ಲಿ, ರೇಷನ್ ಅಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ಪವಾಡ ಎಂದು ಸಾರಿದೆ.

ಆ ಪವಾಡದ ಗಾಳಿ ತೆಗೆದವರು ಮಂಗಳೂರಿನ ಆಸ್ಪತ್ರೆಯ ಡಾಕ್ಟರು. ಮಿದುಳು ನರಗಳ ವಿಭಾಗದಲ್ಲಿದ್ದ ಚಿಕ್ಕ ಪ್ರಾಯದ ಹೆಂಗಸು. ಮನೆಮಾತು ಕೊಂಕಣಿ, ತಂದೆ ನಮ್ಮದೇ ಜಿಲ್ಲೆಯ ದೇಲಂಪಾಡಿ ಕಡೆಯ ಕೃಷಿಕರು. ತಿಂಗಳ ತಪಾಸಣೆಗೆ ಅತ್ತಿಗೆಯ ಜೊತೆ ಅಣ್ಣನನ್ನು ಕರೆದುಕೊಂಡು ಹೋದಾಗ, ಅಣ್ಣ ಹಾಡಿದ ಸಂಗತಿಯನ್ನು ನಾನು ರಂಗುರಂಗಾಗಿ ವರ್ಣಿಸಿದೆ. ಡಾಕ್ಟರು ಪೂರ್ತಿ ಕೇಳಿ, "ಪವಾಡ ಎಂತ ಇಲ್ಲ ಮಾಷ್ಟ್ರೇ" ಎಂದರು.

ಆಮೇಲೆ ಚೀಟಿಯ ಹಿಂಬದಿಯಲ್ಲಿ ಒಂದು ತಲೆಯ ಚಿತ್ರ ಬರೆದು ತೋರಿಸಿದರು. ಹೆಚ್ಚಿನವರಲ್ಲಿ ಮಾತು ಕಟ್ಟುವ ಜಾಗ ಇರುವುದು ಮಿದುಳಿನ ಎಡಗಡೆ. ಅಲ್ಲಿಗೆ ರಕ್ತ ಹೋಗದೆ ಪೆಟ್ಟಾಗಿದೆ. ಹಾಡಿಗೆ ಮಾತ್ರ ಬಲಗಡೆಯೂ ಕೈ ಸೇರಿಸುತ್ತದೆ, ಅದಕ್ಕೇ ಅದು ಉಳಿದಿದೆ. ಸಣ್ಣಂದಿನಿಂದ ಸಾವಿರ ಸಲ ಹೇಳಿ ನಾಲಿಗೆಗೆ ಅಂಟಿದ್ದು ಕೂಡ ಹಾಗೆಯೇ ಉಳಿಯುತ್ತದೆ. "ಲೆಕ್ಕ ಹೇಳಲಿಕ್ಕೆ ಬರ್ತದಾ ನೋಡಿ. ಪ್ರಾರ್ಥನೆ, ಬೈಗುಳ ಸಹ ಬರಬಹುದು" ಎಂದರು.

ಅತ್ತಿಗೆ ತಲೆ ತಗ್ಗಿಸಿ ನಕ್ಕರು. ಹಿಂದಿನ ವಾರ ಆಡೊಂದು ಬಸಳೆ ಚಪ್ಪರಕ್ಕೆ ಬಾಯಿ ಹಾಕಿದಾಗ ಅಣ್ಣ ತುಳುವಿನಲ್ಲಿ ಅದರ ಏಳು ತಲೆಮಾರನ್ನು ಜಾಲಾಡಿದ್ದರಂತೆ, ಒಂದು ಅಕ್ಷರ ತಪ್ಪದೆ. ನಾನು ಪರೀಕ್ಷೆಗೆಂದು "ಮೂಡು" ಎಂದೆ. ಆಧಾರದಲ್ಲಿ ಜಾಗದ ನಾಲ್ಕು ಗಡಿ ಬರೆಯುವ ಕ್ರಮ ಅದು. ಅಣ್ಣ ತಟ್ಟನೆ "ಮೂಡು, ತೆಂಕು, ಪಡು, ಬಡಗು" ಎಂದು ಒಂದೇ ಉಸಿರಿಗೆ ಹೇಳಿ, ತಾವೇ ಬೆಚ್ಚಿದ ಹಾಗೆ ನಮ್ಮೆಲ್ಲರ ಮುಖ ನೋಡಿದರು.

"ಹೊಳೆ ದಾಟುವ ದೊಡ್ಡ ಸಂಕ ಮುರಿದಿದೆ" ಎಂದರು ಡಾಕ್ಟರು. "ಆದ್ರೆ ಆಚೆ ಬದಿಯಲ್ಲಿ ಒಂದು ಕಾಲುಸಂಕ ಉಂಟು. ಅದರಲ್ಲಿ ಲಾರಿ ಹೋಗುದಿಲ್ಲ. ಒಂದೊಂದೇ ಮಾತು ಮೆಲ್ಲ ನಡಕೊಂಡು ಬರಬೇಕು. ಹಿಂದಿನಿಂದ ಯಾರೂ ದೂಡಬಾರದು. ಎಲ್ಲರಿಗೂ ಆಗ್ತದೆ ಅಂತ ನಾನು ಹೇಳುದಿಲ್ಲ. ಕೆಲವರಿಗೆ ಆಗಿದೆ."

ಕೂಟದ ವಿಷಯ ಕೇಳಿದಾಗ ಅವರ ಮುಖವೇ ಅರಳಿತು. ಪದ್ಯ ಮೊದಲು, ಅದೇ ಪದ್ಯದ ಮಾತು ಆಮೇಲೆ ಎಂದು ನಾನು ವಿವರಿಸಿದಾಗ, "ನಾವು ಇಲ್ಲಿ ಮಾಡಬೇಕು ಅಂತ ಇರುದೂ ಹಾಗೇ ಅಲ್ವಾ. ಹಾಡಿನಿಂದ ಮಾತಿಗೆ ಇಳಿಯುದು. ನನ್ನ ಹತ್ರ ನೀವು ತಿಂಗಳಿಗೆ ಅರ್ಧ ಗಂಟೆ ಬರ್ತೀರಿ. ನಿಮ್ಮಲ್ಲಿ ವಾರ ವಾರ ಉಂಟು, ಗುರ್ತದ ಜನ ಸುತ್ತ ಉಂಟು. ಅದನ್ನು ಬಿಡ್ಲಿಕ್ಕಾಗುದಿಲ್ಲ" ಎಂದರು.

ಅವರು ಬರೀ ಮಾತಿನವರಲ್ಲ. ಒಂದು ಆದಿತ್ಯವಾರ ಊರಿಗೆ ಬಂದವರು ಇಗರ್ಜಿಯ ಪೂಜೆ ಮುಗಿಸಿ, ತಮ್ಮ ತಂದೆಯ ಜೀಪಿನಲ್ಲಿ ನಮ್ಮ ಮಂದಿರಕ್ಕೇ ಬಂದರು. ಚಾಪೆಯ ತುದಿಯಲ್ಲಿ ಕೂತು ಎರಡು ಗಂಟೆ ನೋಡಿದರು. ಆಮೇಲೆ ಕ್ರಮ ಹೇಳಿಕೊಟ್ಟರು. ಭಾಗವತರ ಜೊತೆ ಅಣ್ಣ ಮೊದಲು ಪದ್ಯ ಹಾಡುವುದು. ಆಮೇಲೆ ಒಂದು ಸಣ್ಣ ವಾಕ್ಯವನ್ನು, ಎಡಗೈಯಿಂದ ತೊಡೆಗೆ ತಾಳ ತಟ್ಟುತ್ತಾ, ರಾಗದ ಹಾಗೆ ಎಳೆದು ಹೇಳುವುದು. ಕೊನೆಗೆ ರಾಗ ಬಿಟ್ಟು ಹೇಳುವುದು. ಅವರು ತಡೆದು ನಿಂತರೆ ಯಾರೂ ಎತ್ತಿಕೊಡಬಾರದು. ಮನಸ್ಸಿನಲ್ಲಿ ಹದಿನೈದರ ತನಕ ಎಣಿಸಬೇಕು. ಹದಿನೈದಾದರೂ ಬಾರದಿದ್ದರೆ ಭಾಗವತರು ಪದ್ಯವನ್ನು ಇನ್ನೊಮ್ಮೆ ಎತ್ತಬೇಕು, ಮಾತನ್ನಲ್ಲ.

ಹೊರಡುವಾಗ ನನ್ನ ಕಡೆ ತಿರುಗಿ, "ಉಳಿದವರದ್ದು ಹೆದರಿಕೆ ಇಲ್ಲ. ನೀವೇ ಕಷ್ಟ ಮಾಷ್ಟ್ರೇ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೊದಲಿನ ವಾರಗಳು ನನಗೆ ಶಿಕ್ಷೆ. ಹದಿನೈದು ಎಣಿಸುವುದು ಎಷ್ಟು ಉದ್ದ ಎಂದು ಎಣಿಸಿದವರಿಗೇ ಗೊತ್ತು. ಐದಾಗುವಾಗ ನನ್ನ ನಾಲಿಗೆ ಹಲ್ಲಿನ ಹಿಂದೆ ಬಂದು ನಿಂತಿರುತ್ತಿತ್ತು. ಬಾಯಿಗೆ ವೀಳ್ಯ ತುಂಬಿಕೊಂಡು ಕೂರತೊಡಗಿದೆ, ತೆರೆದರೆ ಶಾಲು ಹಾಳಾಗುತ್ತದೆಂಬ ಭಯಕ್ಕಾದರೂ ಸುಮ್ಮನಿರಲಿ ಎಂದು. ಕೆಲವು ಸಲ ಹತ್ತಕ್ಕೆ ಬಂತು ಮಾತು, ಕೆಲವು ಸಲ ಹದಿನಾಲ್ಕಕ್ಕೆ. ಬಂದಾಗ ಮಂದಿರದಲ್ಲಿ ಕೂತವರೆಲ್ಲ ಒಟ್ಟಿಗೆ ಉಸಿರು ಬಿಡುತ್ತಿದ್ದರು.

ಎರಡು ತಿಂಗಳಾಗುವಾಗ ಒಂದು ಬೆಳಿಗ್ಗೆ ಅತ್ತಿಗೆ ಶಾಲೆಯ ಗೇಟಿನ ತನಕ ಬಂದು ನನ್ನನ್ನು ಕರೆದರು. ಹಿಂದಿನ ದಿನ ಊಟಕ್ಕೆ ಕೂತ ಅಣ್ಣ ತೊಡೆ ತಟ್ಟಿ ತಟ್ಟಿ "ಸಾರಿಗೆ ಉಪ್ಪಿಲ್ಲ" ಎಂದರಂತೆ. "ಇಪ್ಪತ್ತೈದು ವರ್ಷ ಇದೇ ಮಾತು ಕೇಳಿ ಸಾಕಾಗಿತ್ತು ಮಾಷ್ಟ್ರೇ. ನಿನ್ನೆ ಕೇಳಿ ಹೊಟ್ಟೆ ತುಂಬಿತು. ನಾನು ಕೈಯಲ್ಲಿ ಸೌಟು ಹಿಡ್ಕೊಂಡು ಇಪ್ಪತ್ತರ ತನಕ ಎಣಿಸಿದ್ದೆ." ಕಾಯುವುದರಲ್ಲಿ ಅವರು ನಮಗೆಲ್ಲ ಗುರು. ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ಗಂಡನ ಎದುರಿನಿಂದ ಕದಲುತ್ತಿರಲಿಲ್ಲ.

ಒಬ್ಬರಿಗೆಂದು ತೊಡಗಿದ್ದು ಉಳಿದವರಿಗೂ ತಾಗಿತು. ಮೊದಲೆಲ್ಲ ಚಾಯ ಕೊಟ್ಟು ಮನೆಗೆ ಹೋಗುತ್ತಿದ್ದ ಹೆಂಗಸರು ಕೂತು ತೊಡೆಯ ಮೇಲೆ ತಾಳ ಹಾಕತೊಡಗಿದರು. ಭಾಗವತರ ಸ್ವರಕ್ಕೆ ಎಷ್ಟೋ ವರ್ಷದ ಮೇಲೆ ಜೀವ ಬಂತು. ಮಗುವನ್ನು ಕಳೆದುಕೊಂಡು ಅಂಗಳ ದಾಟಿರದ ಒಬ್ಬಳು ತಾಯಿ ವಾರವೂ ಬಂದು ಗೋಡೆಗೆ ಒರಗಿ ಕೂರುತ್ತಿದ್ದಳು. ಯಾಕೆಂದು ಅತ್ತಿಗೆ ಕೇಳಿದ್ದಕ್ಕೆ "ಇಲ್ಲಿ ಯಾರೂ ಎಂತದೂ ಕೇಳುದಿಲ್ಲ" ಎಂದಳಂತೆ. ಡಾಕ್ಟರಿಗೆ ಇದನ್ನೆಲ್ಲ ಹೇಳಿದಾಗ, ನಾಲ್ಕು ಜನ ಒಟ್ಟಿಗೆ ಒಂದು ತಾಳಕ್ಕೆ ಕೈ ತಟ್ಟಿದರೆ ಮನಸ್ಸಿನ ಭಾರ ಇಳಿಯುತ್ತದೆ, ಮಿದುಳಿನಲ್ಲಿ ಅದು ಹೇಗೆ ಆಗುತ್ತದೆಂದು ಪೂರ್ತಿ ಗೊತ್ತಿಲ್ಲ, ಆಗುವುದಂತೂ ಹೌದು ಎಂದರು. ನನ್ನ ಬದುಕಿನಲ್ಲಿ ನಾನು ನೋಡಿದ ಒಳ್ಳೆಯ ಕೂಟಗಳು ಅವೇ. ಯಾರೂ ಚಪ್ಪಾಳೆ ತಟ್ಟದ ಆ ಮಧ್ಯಾಹ್ನಗಳು.

ಆದರೆ ನನಗೆ ಚಪ್ಪಾಳೆ ಬೇಕಿತ್ತು. ಈಗ ಒಪ್ಪಿಕೊಳ್ಳುತ್ತೇನೆ.

ಮರುವರ್ಷ ಮಂದಿರದ ವಾರ್ಷಿಕೋತ್ಸವಕ್ಕೆ ದೊಡ್ಡ ಕೂಟ ಇಟ್ಟೆವು. ಮಂಗಳೂರಿನಿಂದ ಇಬ್ಬರು ಹೆಸರಾದ ಅರ್ಥಧಾರಿಗಳು ಬರುವವರಿದ್ದರು. ಅಣ್ಣ ತಾವೂ ಕೂರುತ್ತೇನೆಂದು ಬೆರಳಿನಿಂದ ಎದೆ ಮುಟ್ಟಿ ತೋರಿಸಿದರು. ಪ್ರಸಂಗದ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮೂರಿನವರು ದಿನ ಲೆಕ್ಕ ಹಾಕಿ ಅಣ್ಣ ಯಾರು, ನಾನು ಯಾರು ಎಂದು ಹುಡುಕಿಯಾರು. ಅದರಲ್ಲಿ ಒಬ್ಬ ದೊರೆ, ಅವನಲ್ಲಿಗೆ ಸಂಧಾನಕ್ಕೆ ಬಂದ ಒಬ್ಬ ದೂತ. ದೂತ ನಾನು. ದೊರೆಯ ಉತ್ತರವನ್ನು ನಾವು ಮೂರು ವಾಕ್ಯಕ್ಕೆ ಇಳಿಸಿದೆವು. "ನಿನ್ನ ಮಾತು ಕೇಳಿದೆ. ಒಡೆಯನಿಗೆ ಹೇಳು. ನಾನು ಬರುತ್ತೇನೆ." ಇಷ್ಟೇ. ಈ ಮೂರು ವಾಕ್ಯಕ್ಕೆ ಮೂರು ತಿಂಗಳು ಅಭ್ಯಾಸ ಮಾಡಿದರು. ಪ್ರತಿ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಕೂತು ತೊಡೆ ತಟ್ಟಿಕೊಂಡು ಹೇಳುತ್ತಿದ್ದರಂತೆ. ಕೊನೆಯ ಮೂರು ಆದಿತ್ಯವಾರ ಕೂಟದಲ್ಲಿ ಮೂರೂ ವಾಕ್ಯ ಬಂದಿದ್ದವು, ಮೂರನೆಯದು ತುಸು ತಡವಾಗಿ.

ಆ ಮೂರು ವಾಕ್ಯ ಹೇಳಿದರೆ ಮುಂದೆ ಏನಾಗಬಹುದೆಂದು ನಮಗೆಲ್ಲ ಗೊತ್ತಿತ್ತು. ಮತ್ತೆ ಬರೆಯುವ ಕೋಣೆಗೆ ಹೋಗಿ ಕೂರುತ್ತೇನೆ, ಬರೆಯಲು ಬೇರೆ ಜನ ಇಟ್ಟರೂ ಸಾಕು, ಬಂದವರೊಡನೆ ನಾಲ್ಕು ಮಾತಾಡಲು ಆದರೆ ಸಾಕು ಎಂದು ಅವರು ಅತ್ತಿಗೆಗೆ ಹೇಗೋ ತಿಳಿಸಿದ್ದರು. ಊರಿನವರ ಎದುರು ಮೊದಲು ಬಾಯಿ ತೆರೆಯಬೇಕು, ಆಮೇಲೆ ಉಳಿದದ್ದು.

ಡಾಕ್ಟರಿಗೆ ಅಂದು ಬರಲಾಗಲಿಲ್ಲ. "ಹದಿನೈದು ಮರೆಯಬೇಡಿ" ಎಂದು ಒಂದು ಕಾರ್ಡು ಹಾಕಿದ್ದರು.

ಮಂದಿರ ತುಂಬಿ ಜನ ಹೊರಗೆ ಚಪ್ಪರದಲ್ಲೂ ಕೂತಿದ್ದರು. ಭಾಗವತರು ಪದ್ಯ ಹಾಡಿದರು, ಅಣ್ಣ ಸ್ವರ ಸೇರಿಸಿದರು. ನಾನು ದೂತನ ಮಾತು ಮುಗಿಸಿದೆ. ಅಣ್ಣನ ಎಡಗೈ ತೊಡೆಯ ಮೇಲೆ ತಟ್ಟತೊಡಗಿತು. "ನಿನ್ನ ಮಾತು ಕೇಳಿದೆ" ಎಂದರು. ಚಪ್ಪರದ ತನಕ ಕೇಳಿಸಿತು. "ಒಡೆಯನಿಗೆ ಹೇಳು" ಎಂದರು. ಹೆಂಗಸರ ಕಡೆ ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ನನಗೆ ಕಂಡಿತು.

"ನಾನು" ಎಂದರು. ನಿಂತರು.

ನಾನು ಎಣಿಸತೊಡಗಿದೆ. ಒಂದು, ಎರಡು, ಮೂರು. ಕೈ ತಟ್ಟುತ್ತಲೇ ಇತ್ತು, ತುಟಿ ಕೂಡಿ ಬಿಡುತ್ತಿತ್ತು. ಐದು, ಆರು. ಹಿಂದೆ ಯಾರೋ ಕೆಮ್ಮಿದರು. ಏಳು. ನಮ್ಮ ಊರಿನವರಿಗೆ ಕಾಯುವುದು ಗೊತ್ತಿತ್ತು, ಅವರು ಅಲುಗಲಿಲ್ಲ. ಎಂಟು. ಮಂಗಳೂರಿನಿಂದ ಬಂದವರಲ್ಲಿ ಒಬ್ಬರು ಇನ್ನೊಬ್ಬರ ಕಡೆ ಬಗ್ಗಿ ಏನೋ ಹೇಳಿದರು. ಒಂಬತ್ತು. ಇನ್ನೊಬ್ಬರು ನನ್ನ ಮುಖ ನೋಡಿದರು, ಎಂತ ಮಾರಾಯ, ಎತ್ತಿಕೊಡಲು ಗೊತ್ತಿಲ್ಲವಾ ಎನ್ನುವ ಹಾಗೆ. ಹತ್ತು. ನನ್ನ ಕಿವಿ ಬಿಸಿಯಾಯಿತು. ಹನ್ನೊಂದು.

"ತಾವೇ ಬರುವಿರೆಂದು ನಾನು ಒಡೆಯನಿಗೆ ತಿಳಿಸುತ್ತೇನೆ, ಪ್ರಭು" ಎಂದೆ.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಬಾಯಿ ಒಮ್ಮೆ ತೆರೆದ ಮೇಲೆ ನನ್ನದು ನಿಲ್ಲುವ ಜಾತಿಯಲ್ಲ. ದೊರೆಗಳ ಮಾತಿಗೆ ಅರ್ಥ ಹೇಳಬಹುದು, ಅವರ ಮೌನಕ್ಕೆ ಅರ್ಥ ಹೇಳುವ ಭಾಗ್ಯ ಎಷ್ಟು ದೂತರಿಗೆ ಸಿಕ್ಕಿದೆ ಎಂದು ತೊಡಗಿ, ಮೌನವನ್ನೇ ಹಿಡಿದುಕೊಂಡು ಹತ್ತು ನಿಮಿಷ ಬೆಳೆಸಿದೆ. ಕಡಲಿನ ಮೌನ, ಬಿಲ್ಲಿನ ಮೌನ, ಎಲ್ಲವೂ ಬಂದವು. ಮಂದಿರ ಚಪ್ಪಾಳೆಯಿಂದ ತುಂಬಿತು. ಆ ಗದ್ದಲದಲ್ಲಿ ಅಣ್ಣನ ಕೈ ತಾಳ ತಟ್ಟುವುದನ್ನು ನಿಲ್ಲಿಸಿತ್ತು. ಅಂಗೈ ತೊಡೆಯ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು. ಅದನ್ನು ನಾನು ನೋಡಿದೆ. ನೋಡಿಯೂ ಮಾತು ಮುಂದುವರಿಸಿದೆ.

ಕೂಟ ಮುಗಿದ ಮೇಲೆ ಮಂಗಳೂರಿನವರು ನನ್ನ ಬೆನ್ನು ತಟ್ಟಿದರು. ಎಂಥ ಸಮಯಸ್ಫೂರ್ತಿ, ರೋಗಿಯ ಮಾನ ಉಳಿಸಿದಿರಿ ಎಂದರು. ನಾನು ಹಿಗ್ಗಿದೆ. ಮನೆಗೆ ಹೋಗಿ ಹೆಂಡತಿಗೆ ಆ ಹತ್ತು ನಿಮಿಷವನ್ನು ಮತ್ತೊಮ್ಮೆ ಹೇಳಿ ತೋರಿಸಿದೆ. ಅಂದು ನನಗೆ ಪಶ್ಚಾತ್ತಾಪ ಎಂಬುದು ಲವಲೇಶವೂ ಇರಲಿಲ್ಲ. ಹೇಳಲು ಇವತ್ತಿಗೂ ನಾಚಿಕೆಯಾಗುವುದು ಇದೇ ಸಂಗತಿ.

ಮರು ಆದಿತ್ಯವಾರ ಅಣ್ಣ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಭಾಗವತರು ಹೋಗಿ ಕರೆದರು. ಎಡಗೈಯನ್ನು ಬೇಡ ಎನ್ನುವ ಹಾಗೆ ತಿರುಗಿಸಿದರಂತೆ. ನಾನು ಹೋಗಿ ಒಂದು ಗಂಟೆ ಸಮಾಧಾನ ಹೇಳಿದೆ. ಎಲ್ಲ ಕೇಳಿ, ನನ್ನ ಮುಖವನ್ನೇ ನೋಡಿ, "ಅದೇ" ಎಂದರು. ಎಷ್ಟೋ ತಿಂಗಳಿಂದ ಆ ಪದ ಅವರ ಬಾಯಿಂದ ನಾವು ಕೇಳಿರಲಿಲ್ಲ.

ಡಾಕ್ಟರಲ್ಲಿ ಹೋಗಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. "ಎಷ್ಟಕ್ಕೆ ಹೇಳಿದ್ರಿ?" ಎಂದು ಮಾತ್ರ ಕೇಳಿದರು.

"ಹನ್ನೊಂದಕ್ಕೆ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಅವರ ಮಾತು ದಾರಿಯಲ್ಲಿ ಇತ್ತು ಮಾಷ್ಟ್ರೇ. ನಿಮ್ಮ ಮಾತು ಕಿವಿಗೆ ಬಿದ್ದ ಕೂಡಲೇ ಅದು ತಪ್ಪಿ ಹೋಗ್ತದೆ. ಅದು ಹೋದ್ರೆ ಹೋಗಲಿ, ಇನ್ನೊಮ್ಮೆ ತರಬಹುದು. ತರುದೇ ಬೇಡ ಅಂತ ಅವರಿಗೆ ಕಂಡ್ರೆ ನಾನು ಎಂತ ಮದ್ದು ಕೊಡ್ಲಿ?"

ನಾವು ಎಲ್ಲವನ್ನೂ ಮಾಡಿ ನೋಡಿದೆವು. ಅವರ ಜಗಲಿಯಲ್ಲೇ ಕೂಟ ಇಟ್ಟೆವು. ಅಣ್ಣ ಒಳಗಿನ ಕೋಣೆಯಲ್ಲಿ ಮಲಗಿದರು. ಭಾಗವತರೊಬ್ಬರೇ ಹೋಗಿ ಹಾಡಿದರು. ಒಂದೆರಡು ಸಲ ಸ್ವರ ಸೇರಿಸಿದರು, ಪದ್ಯ ಮುಗಿದು ಮಾತಿನ ಸರದಿ ಬಂದರೆ ಮುಖ ತಿರುಗಿಸುತ್ತಿದ್ದರು. ಮಂದಿರದ ಕೂಟ ಮೆಲ್ಲನೆ ಹಳೆಯ ದಾರಿಗೆ ಬಂತು. ಕಾಯುವವರಿಲ್ಲದ ಮೇಲೆ ನಮ್ಮ ಮಾತಿನ ವೇಗ ಹೆಚ್ಚಿತು. ಹೆಂಗಸರು ಚಾಯ ಕೊಟ್ಟು ಎದ್ದು ಹೋಗತೊಡಗಿದರು. ಗೋಡೆಗೆ ಒರಗಿ ಕೂರುತ್ತಿದ್ದ ಆ ತಾಯಿ ಯಾವ ವಾರದಿಂದ ಬರುವುದನ್ನು ಬಿಟ್ಟಳೆಂದು ನನಗೆ ನೆನಪಿಲ್ಲ. ನಾನು ಗಮನಿಸಲೇ ಇಲ್ಲ. ನನ್ನನ್ನು ಮಾತ್ರ ಹೊರಗಿನ ಕೂಟಗಳಿಗೆ ಹೆಚ್ಚು ಕರೆಯತೊಡಗಿದರು. ಮೌನಕ್ಕೆ ಅರ್ಥ ಹೇಳಿದ ಮಾಷ್ಟ್ರು ಎಂದೇ ಹೆಸರಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ವರ್ಷಕ್ಕೊಮ್ಮೆ ಕಲಿಸುತ್ತಿದ್ದವನು ನಾನು. ಆಡಿದ್ದರಿಂದ ಬೇರೆಯವರ ಮಾತು ಹೋಗುತ್ತದೆ ಎಂದು ಆ ಗಾದೆಯಲ್ಲಿಲ್ಲ.

ಅಣ್ಣ ಮತ್ತೆ ಐದಾರು ವರ್ಷ ಬದುಕಿದ್ದರು. ನಾನು ಹೋಗುವುದು ಕಡಿಮೆಯಾಯಿತು. ಶಾಲೆಯ ಕೆಲಸ, ಕೂಟ ಎಂದು ನೆಪ ಹೇಳಿಕೊಂಡೆ. ನಿಜ ಹೇಳಬೇಕಾದರೆ ಅವರ ಎದುರು ಕೂತರೆ ನನಗೆ ಮಾತು ಹೊರಡುತ್ತಿರಲಿಲ್ಲ.

ಕೊನೆಯ ಸಲ ಹೋದದ್ದು ಅವರು ತೀರಿಕೊಳ್ಳುವ ಹಿಂದಿನ ವಾರ. ಹಾಗೆಂದು ಆಗ ಗೊತ್ತಿರಲಿಲ್ಲ. ಸಂಜೆ ನಾಲ್ಕು ಗಂಟೆ, ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ನಾನು ಎದುರಿನ ಬೆಂಚಿನಲ್ಲಿ ಕೂತೆ. ಇವತ್ತು ಒಂದು ಮಾತೂ ಆಡುವುದಿಲ್ಲ ಎಂದು ದಾರಿಯಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ಕ್ಷಮೆ ಕೇಳಬೇಕೆಂದಿತ್ತು, ಅದಕ್ಕೂ ಮಾತು ಬೇಕಲ್ಲ ಎಂದು ಬಿಟ್ಟೆ. ಸುಮ್ಮನೆ ಕೂತೆವು. ತುಂಬ ಹೊತ್ತು ಕೂತೆವು. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಅದೇ ಮೊದಲು.

ಆಗ ಅವರ ಎಡಗೈ ತೊಡೆಯ ಮೇಲೆ ಅಲುಗಿತು. ಒಮ್ಮೆ ತಟ್ಟಿತು. ನಿಂತಿತು. ಮತ್ತೆ ತಟ್ಟಿತು. ನನ್ನನ್ನೇ ನೋಡುತ್ತಿದ್ದರು, ತುಟಿ ಕೂಡಿ ಬಿಡುತ್ತಿತ್ತು. ನಾನು ಎಣಿಸಿದೆ. ಹದಿನೈದಾಯಿತು, ಇಪ್ಪತ್ತಾಯಿತು, ಮೂವತ್ತಾಯಿತು. ಎಣಿಸುತ್ತಲೇ ಇದ್ದೆ. ನೂರಾದರೂ ಎಣಿಸುವವನಿದ್ದೆ. ಗಂಟಲಿನಿಂದ ಒಂದು ಸ್ವರ ಹೊರಟಿತು.

ಅಷ್ಟರಲ್ಲಿ ಅತ್ತಿಗೆ ಒಳಗಿನಿಂದ ಬಂದರು. ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. ವಾರ್ಷಿಕೋತ್ಸವದ ಆ ಚಪ್ಪಾಳೆಯ ದಿನದಿಂದ ಅವರೂ ಎತ್ತಿಕೊಡಲು ಕಲಿತಿದ್ದರು. ಮಾಷ್ಟ್ರೇ ಹಾಗೆ ಮಾಡಿದರಲ್ಲ, ಅದೇ ಸರಿ ಇರಬೇಕು, ಕಾದು ಅವಮಾನ ಮಾಡುವುದು ಯಾಕೆ ಎಂದುಕೊಂಡಿದ್ದರಂತೆ.

"ನಿಮಗೆ ಕಾಫಿ ಬೇಕಾ ಅಂತ ಕೇಳ್ತಾ ಇದ್ದಾರೆ" ಎಂದರು.

ಅಣ್ಣನ ಬಾಯಿ ಮುಚ್ಚಿತು. ಅವರು ತಲೆಯಾಡಿಸಿದರು. ಅತ್ತಿಗೆ ಒಳಗೆ ಹೋಗಿ ಕಾಫಿ ಮಾಡಿ ತಂದರು. ನಾನು ಕುಡಿದೆ. ಚೆನ್ನಾಗುಂಟು ಅತ್ತಿಗೆ ಎಂದೂ ಹೇಳಿದೆ.